ಒಂದೇ ಪೆಟ್ಟು ಎಂದು ಬರೆಸಿದ್ದು

ಮಾರ್ಚ್ 4

ಅಕ್ಕ,

‘ನೀನೊಬ್ಬ ಅಲ್ಲಿದ್ದೆಯಲ್ಲ, ಅಷ್ಟು ಸಾಕು’ ಎಂದಿದ್ದೆ ನೀನು. ಆಮೇಲೂ ಏನೋ ಹೇಳುತ್ತಿದ್ದೆ, ಅಷ್ಟರಲ್ಲಿ ಲಿಫ್ಟಿನ ಬಾಗಿಲು ಮುಚ್ಚಿಕೊಂಡಿತು. ನಾನು ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ, ಒಂದು ಕೈಯಲ್ಲಿ ನಿನ್ನ ಮಗಳ ಆಟದ ಶೂ, ಇನ್ನೊಂದರಲ್ಲಿ ಅವಳ ಸ್ಕ್ಯಾನಿನ ಲಕೋಟೆ ಹಿಡಿದು ನಿಂತಿದ್ದೆ. ಐದು ವಾರವಾಯಿತು. ಆ ವಾಕ್ಯದ ಉಳಿದ ಭಾಗವನ್ನು ದಿನಕ್ಕೊಂದು ರೀತಿ ನಾನೇ ಪೂರ್ತಿ ಮಾಡಿ ನೋಡುತ್ತಿದ್ದೇನೆ. ಹೇಗೆ ಮುಗಿಸಿದರೂ ಅದು ನನಗೆ ಹೊಂದುವುದಿಲ್ಲ.

ಅವಳ ಹತ್ತಿರ ಫೋನು ಬೇಡ, ಟೀವಿಯ ಬೆಳಕು ಬೇಡ, ಕೋಣೆ ಕತ್ತಲಾಗಿರಲಿ ಎಂದು ಹೇಳಿ ಬಂದವನು ನಾನೇ. ಹಾಗಾಗಿ ಕಾಗದ. ನೀನು ಇದನ್ನು ಅವಳ ಮಂಚದ ಅಂಚಿಗೆ ಕೂತು ಗಟ್ಟಿಯಾಗಿ ಓದುತ್ತೀಯೆಂದು ಗೊತ್ತು. ಗೊತ್ತಿದ್ದೇ ಬರೆಯುತ್ತಿದ್ದೇನೆ.

ಅವಳಿಗೆ ಬುಗುರಿ ಎಂದು ಹೆಸರಿಟ್ಟವನೂ ನಾನು. ಎರಡು ವರ್ಷದವಳಿದ್ದಾಗ ಒಂದು ಕಡೆ ನಿಲ್ಲುತ್ತಿರಲಿಲ್ಲ. ಈಗ ಹದಿನೆಂಟಾಗಿದೆ, ಮಂಚದಿಂದ ಎದ್ದರೆ ಕೋಣೆಯೇ ತಿರುಗುತ್ತದೆ ಎನ್ನುತ್ತಾಳೆ. ಆ ಹೆಸರಿನಿಂದ ಕರೆಯಲು ನಾಲಿಗೆ ಹಿಂಜರಿಯುತ್ತದೆ. ಬೇರೆ ಹೆಸರು ನನಗೆ ರೂಢಿಯಿಲ್ಲ.

ಒಂದು ಸುದ್ದಿ. ತಲೆಗೆ ಪೆಟ್ಟು ಬಿದ್ದವರ ಆರೈಕೆಯ ಬಗ್ಗೆ ಕೆಲಸದಲ್ಲಿರುವ ಡಾಕ್ಟರು, ನರ್ಸುಗಳಿಗೆ ಇಲ್ಲಿನ ದೊಡ್ಡಾಸ್ಪತ್ರೆಯಲ್ಲಿ ಶನಿವಾರದ ತರಗತಿ ಶುರುವಾಗಿದೆ. ಹದಿನಾರು ಶನಿವಾರ. ಹೆಸರು ಕೊಟ್ಟಿದ್ದೇನೆ. ನಮ್ಮ ಕಾಂಪೌಂಡರ್ ಮಹಾಶಯ ಗೋಡೆಯ ಕಡೆ ಬೆರಳು ತೋರಿಸಿ, “ಸಾರ್, ಇದರ ಸರ್ಟಿಫಿಕೇಟು ಆಗ್ಲೇ ಇದೆಯಲ್ಲ, ಎರಡನೇ ಸಾಲಲ್ಲಿ ಮೂರನೇದು. ಒಂದೇ ಸಿನಿಮಾಕ್ಕೆ ಎರಡು ಸಲ ಟಿಕೆಟ್ಟಾ?” ಎಂದ. ಮೊದಲ ಸಲ ನಿದ್ದೆ ಬಂದಿತ್ತು ಎಂದೆ. ಅವನು ನಕ್ಕ. ನಾನೂ ನಕ್ಕೆ.

ಊಟ ಸ್ವಲ್ಪ ಸ್ವಲ್ಪವಾಗಿ ಕೊಡು. ಲೆಕ್ಕ ಮಾಡು, ವಾರದ ಹೆಸರು ಹಿಂದುಮುಂದಾಗಿ ಹೇಳು ಎಂದು ಪರೀಕ್ಷೆ ಮಾಡಬೇಡ.

ನಿನ್ನ ತಮ್ಮ


ಮಾರ್ಚ್ 19

ತಮ್ಮಾ,

ನಿನ್ನ ಕಾಗದ ಎರಡು ಸಲ ಓದಿದೆ, ಒಂದು ಸಲ ಅವಳಿಗೆ, ಒಂದು ಸಲ ನನಗೆ. ನೀನು ಆಗಲೇ ಕಲಿತದ್ದನ್ನು ಇವಳಿಗೋಸ್ಕರ ಮತ್ತೆ ಕಲಿಯಲು ಹೊರಟಿದ್ದೀಯ ಎಂದು ಪಕ್ಕದ ಮನೆಯವರಿಗೂ ಹೇಳಿದೆ. ಹಿತ್ತಲ ಗಿಡ ಮದ್ದಲ್ಲ ಅಂತಾರೆ. ನಮ್ಮ ಪಾಲಿಗೆ ಹಿತ್ತಲ ಗಿಡವೇ ದಿಕ್ಕು. ಪಂದ್ಯಕ್ಕೆ ಡಾಕ್ಟರು ಸಿಗಲಿಲ್ಲ ಎಂದು ಕಾಲೇಜಿನವರು ಪರದಾಡುವಾಗ ‘ನನ್ನ ತಮ್ಮ ಬರ್ತಾನೆ’ ಎಂದು ನಾನೇ ಹೇಳಿದ್ದೆನಲ್ಲ. ಆ ದಿನ ನನಗೆ ಡ್ಯೂಟಿ. ನೀನಾದರೂ ಇದ್ದೆ.

ಇದನ್ನು ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ, ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ಇದನ್ನು ಮನೆಯಲ್ಲಿ ಬರೆಯಲಾರೆ. ದಿನಕ್ಕೆ ಮುನ್ನೂರು ಜನ ಇದೇ ಕಿಟಕಿಗೆ ಬಂದು ಒಂದೇ ಪ್ರಶ್ನೆ ಕೇಳುತ್ತಾರೆ, ನನಗೆ ಸಿಟ್ಟು ಬರುವುದಿಲ್ಲ. ಮನೆಗೆ ಹೋದರೆ ಇವಳು, “ಅಮ್ಮ, ಇವತ್ತು ಯಾವ ವಾರ?” ಐದು ನಿಮಿಷಕ್ಕೆ ಮತ್ತೆ, “ಯಾವ ವಾರ ಅಂದೆ?” ಅಲ್ಲಿ ಸಿಟ್ಟು ಬರುತ್ತದೆ. ಮಗಳಿಗಿಂತ ಪ್ರಯಾಣಿಕರೇ ವಾಸಿ ಅನ್ನಿಸಿದ ಹೆಂಗಸು ನಾನು, ಬೈದುಕೋ.

ಮೊನ್ನೆ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಫೈಲು ತೆರೆದು, “ಒಂದೇ ಪೆಟ್ಟು, ಅದೂ ಎದುರಾಳಿಯ ಭುಜ ತಾಗಿ ಬಿದ್ದದ್ದು. ಸ್ಕ್ಯಾನಲ್ಲಿ ಏನೂ ಇಲ್ಲ. ಇಷ್ಟು ಹೊತ್ತಿಗೆ ಓಡಾಡಬೇಕಿತ್ತಲ್ಲಮ್ಮ,” ಎಂದರು. ಇವಳನ್ನು ಹೊರಗೆ ಕೂರಿಸಿ ನನ್ನೊಬ್ಬಳನ್ನೇ ಕೇಳಿದರು, “ಪರೀಕ್ಷೆ ಹತ್ತಿರ ಇದೆಯಾ?” ಇದೆ ಎಂದೆ. ಅವರು ಪೆನ್ನಿಗೆ ಮುಚ್ಚಳ ಹಾಕಿದರು.

ಆ ಮುಚ್ಚಳದ ಸದ್ದು ಕಿವಿಯಲ್ಲಿ ಕೂತಿದೆ. ನೀನು ಡಾಕ್ಟರು, ನೀನು ಅಲ್ಲೇ ಇದ್ದವನು. ನನಗೆ ಮಾತ್ರ ಹೇಳು. ಇವಳು ನಾಟಕ ಆಡುತ್ತಿದ್ದಾಳಾ?

ಅಕ್ಕ


ಏಪ್ರಿಲ್ 6

ಅಕ್ಕ,

ಉತ್ತರ ತಡವಾಯಿತು. ತರಗತಿಯ ಓದು ಹೆಚ್ಚಿತ್ತು ಎಂದು ಬರೆದರೆ ನೀನು ನಂಬುತ್ತೀಯ, ಅದಕ್ಕೇ ಬರೆಯುತ್ತಿಲ್ಲ.

ಅವಳನ್ನು ಅನುಮಾನಿಸಬೇಡ. ಕಾರಣವನ್ನು ತರಗತಿಯ ಮಾತಿನಲ್ಲೇ ಹೇಳುತ್ತೇನೆ.

ನಾವು ಮೂವತ್ತು ಜನ. ಹೆಚ್ಚಿನವರು ಬಂದಿರುವುದು ಗಂಟೆ ತುಂಬಿಸಲು; ಐದು ವರ್ಷಕ್ಕೊಮ್ಮೆ ಇಷ್ಟು ಗಂಟೆ ಕಲಿತೆವೆಂದು ತೋರಿಸದಿದ್ದರೆ ನಮ್ಮ ನೋಂದಣಿ ಮುಂದುವರಿಯುವುದಿಲ್ಲ. ಹಿಂದಿನ ಸಾಲಿನ ಮೂಳೆ ಡಾಕ್ಟರು ಊಟವಾದ ಮೇಲೆ ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತಾರೆ. ಪಾಠ ಹೇಳುವಾಕೆ ನನಗಿಂತ ಹದಿನೈದು ವರ್ಷ ಚಿಕ್ಕವರು, ಮಿದುಳಿನ ಡಾಕ್ಟರು. ಕಳೆದ ಶನಿವಾರ ಒಬ್ಬ ನಟನನ್ನು ಕರೆತಂದು ಕುರ್ಚಿಯಲ್ಲಿ ಕೂರಿಸಿದರು. ಅವನು ಹಣೆ ಒತ್ತಿಕೊಂಡು ಕೂತ.

“ಪೆಟ್ಟು ಬಿದ್ದು ಎರಡು ತಿಂಗಳು. ಸ್ಕ್ಯಾನ್ ಸರಿ ಇದೆ. ಇನ್ನೂ ತಲೆನೋವು, ಬೆಳಕು ಆಗಲ್ಲ ಅಂತಾನೆ. ನಾಟಕ ಅಂತ ಯಾರಿಗನ್ನಿಸುತ್ತೆ? ಕೈ ಎತ್ತಿ, ಸಂಕೋಚ ಬೇಡ,” ಎಂದರು.

“ಮೇಡಂ, ಅವರು ನಟ ಅಂತ ನೀವೇ ಹೇಳಿದ್ರಲ್ಲ,” ಎಂದಳು ನನ್ನ ಪಕ್ಕದ ನರ್ಸು. ಎಲ್ಲರೂ ನಕ್ಕರು. ನಕ್ಕು, ಅರ್ಧಕ್ಕರ್ಧ ಜನ ಕೈ ಎತ್ತಿದರು. ನಾನು ಎತ್ತಲಿಲ್ಲ. ಯಾಕೆ ಎಂದು ಆಕೆ ನನ್ನನ್ನೇ ಕೇಳಿದರು.

ಮಿದುಳು ಅಲುಗಿದ್ದು ಸ್ಕ್ಯಾನಿನಲ್ಲಿ ಕಾಣಲೇಬೇಕೆಂದಿಲ್ಲ ಎಂದೆ. ಮೊದಲನೆಯ ಪೆಟ್ಟು ಆರುವ ಮುಂಚೆ ಎರಡನೆಯದು ಬಿದ್ದಿದ್ದರೆ ವಾಸಿಯಾಗಲು ತಿಂಗಳುಗಳೇ ಹಿಡಿಯಬಹುದು, ಆದ್ದರಿಂದ ಇದಕ್ಕೆ ಮುಂಚೆ ಪೆಟ್ಟು ಬಿದ್ದಿತ್ತೇ ಎಂದು ಕೇಳದೆ ಯಾವ ತೀರ್ಮಾನಕ್ಕೂ ಬರಬಾರದು ಎಂದೆ. “ಈ ಪ್ರಶ್ನೆ ಕೇಳೋಕೆ ನನ್ನ ತರಗತಿಗೆ ಸಾಮಾನ್ಯವಾಗಿ ಹತ್ತು ವಾರ ಬೇಕು,” ಎಂದರು ಆಕೆ. ಯಾರೋ ಚಪ್ಪಾಳೆ ತಟ್ಟಿದರು.

ಆ ಚಪ್ಪಾಳೆಯ ನಂತರ ನಾನು ನೀರು ಕುಡಿಯುವ ನೆಪದಲ್ಲಿ ಹೊರಗೆ ಹೋದೆ. ಕಾರಿಡಾರಿನಲ್ಲಿ ಬಹಳ ಹೊತ್ತು ಒಂದು ಬೆಂಕಿ ಆರಿಸುವ ಸಿಲಿಂಡರಿನ ಮೇಲಿದ್ದ ಸೂಚನೆಗಳನ್ನು ಓದಿದೆ.

ಇನ್ನೊಂದು. ಕತ್ತಲ ಕೋಣೆ ಮೊದಲ ಒಂದೆರಡು ದಿನಕ್ಕೆ ಮಾತ್ರವಂತೆ. ಆಮೇಲೆ ದಿನಕ್ಕೆ ಸ್ವಲ್ಪ ಬೆಳಕು, ಸ್ವಲ್ಪ ನಡಿಗೆ, ಸ್ವಲ್ಪ ಓದು. ನಾನು ಹೇಳಿದ್ದು ಹಳೆಯ ಕ್ರಮ. ಕಿಟಕಿಯ ಪರದೆಯನ್ನು ದಿನಕ್ಕೆ ಒಂದು ಗೇಣು ಸರಿಸು, ಹೆಚ್ಚು ಬೇಡ.

ನಿನ್ನ ತಮ್ಮ


ಏಪ್ರಿಲ್ 28

ಗೋಡೆ ಡಾಕ್ಟರಿಗೆ,

ಇದು ನಾನೇ ಬರೆದದ್ದು. ದಿನಕ್ಕೆ ಹತ್ತು ನಿಮಿಷ, ಅಮ್ಮ ಗಡಿಯಾರ ಹಿಡಿದು ಕೂತಿರುತ್ತಾಳೆ, ಕುಕ್ಕರ್ ಕಾಯುವ ಹಾಗೆ. ಈ ಕಾಗದಕ್ಕೆ ನಾಲ್ಕು ದಿನ ಹಿಡಿಯಿತು. ಅಕ್ಷರ ಓರೆಯಾಗಿದ್ದರೆ ಮೇಜು ಓರೆ ಅಂದುಕೋ ಮಾಮ.

ಅಮ್ಮ ನಿನ್ನ ಕಾಗದ ಓದುವಾಗ ಕೆಲವು ಸಾಲು ಹಾರಿಸುತ್ತಾಳೆ. ನಡುವೆ ಉಸಿರು ಬದಲಾಗುತ್ತೆ, ಗೊತ್ತಾಗುತ್ತೆ. ನನಗೆ ತಲೆ ಕೆಟ್ಟಿರಬಹುದು, ಕಿವಿ ಕೆಟ್ಟಿಲ್ಲ.

ಆ ಮಧ್ಯಾಹ್ನ ನನಗೆ ನೆನಪಿಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ಹಾಡಿದ್ದು ನೆನಪಿದೆ, ಆಮೇಲೆ ಆಸ್ಪತ್ರೆಯ ಚಾವಣಿ. ನಡುವೆ ಏನೂ ಇಲ್ಲ. ಗೆಳತಿಯರು ‘ಬೆಂಚಿನಿಂದ ನೀನೇ ಎದ್ದು ಹೋಗಿ ಆಡಿದೆ’ ಅಂತಾರೆ. ‘ನಿನ್ನ ಹಟಕ್ಕೆ ನೀನೇ ಅನುಭವಿಸು’ ಅಂತ ಅಮ್ಮ ಒಂದು ಸಲ ಅಂದಳು, ಆಮೇಲೆ ಹಣ್ಣು ಹೆಚ್ಚಿ ತಂದಳು. ನಾನು ಅಷ್ಟು ದಡ್ಡಿಯಾ? ವರ್ಷದ ಹಿಂದೆ ರಜೆಯಲ್ಲಿ ನಿನ್ನ ಕ್ಲಿನಿಕ್ಕಿನಲ್ಲಿ ಕೂತು ಓದಿದ್ದೆಲ್ಲ ಚೆನ್ನಾಗಿ ನೆನಪಿದೆ. ಇಪ್ಪತ್ತಕ್ಕೆ ಹತ್ತೊಂಬತ್ತು. ಆ ಒಂದು ನಾನು ಬೇಕಂತಲೇ ತಪ್ಪು ಮಾಡಿದ್ದು. ಪೂರ್ತಿ ಬಂದರೆ ನಿನ್ನ ಮೇಲೆ ಯಾರಿಗಾದರೂ ಅನುಮಾನ ಬರುತ್ತಿತ್ತು.

ಕೆಲವು ಸಲ ನಾನು ನಟಿಸುತ್ತಿದ್ದೇನೆ ಅಂತ ನನಗೇ ಅನ್ನಿಸುತ್ತೆ. ಎಲ್ಲರೂ ಅದನ್ನೇ ಯೋಚಿಸುತ್ತಿದ್ದರೆ ನಿಜ ಇರಬಹುದಲ್ಲ. ನೀನು ಅಲ್ಲಿದ್ದೆ. ನಡೆದದ್ದು ಹೇಳು.

ಹತ್ತು ನಿಮಿಷ ಆಯಿತು.

ಬುಗುರಿ


ಜೂನ್ 11

ತಮ್ಮಾ,

ಅವಳ ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ. ಆರು ವಾರ ಅಂಚೆಯವನ ಸೈಕಲ್ ಸದ್ದಿಗೆ ಅವಳು ತಲೆ ಎತ್ತುತ್ತಿದ್ದಳು, ಈಗ ಎತ್ತುವುದಿಲ್ಲ. ಎರಡು ಸಲ ಫೋನು ಮಾಡಿದೆ. ನಿನ್ನ ಕಾಂಪೌಂಡರು “ಸಾಹೇಬ್ರು ಪೇಷಂಟ್ ನೋಡ್ತಿದ್ದಾರೆ” ಎಂದ. ಎರಡೂ ಸಲ ಒಂದೇ ರಾಗ.

ನಾನು ಒಂದು ಕೆಲಸ ಮಾಡಿದೆ. ಇದನ್ನು ಯಾರಿಗೂ ಹೇಳಿಲ್ಲ.

ಭಾನುವಾರ ಅವಳು ಮಲಗಿದ್ದಾಗ ಹೋಗಿ ಎಲ್ಲ ಪರದೆ ಒಟ್ಟಿಗೆ ಎಳೆದು ತೆರೆದೆ. ದೀಪವನ್ನೂ ಹಾಕಿದೆ, ರೇಡಿಯೋವನ್ನೂ. ಸುಳ್ಳಾದರೆ ಸಿಕ್ಕಿಬೀಳಲಿ ಎಂದು. ಅವಳು ಕೈಯಿಂದ ಕಣ್ಣು ಮುಚ್ಚಿಕೊಂಡು ಗೋಡೆ ಹಿಡಿದು ಬಚ್ಚಲಿಗೆ ಹೋದಳು, ಬಾಗಿಲಲ್ಲೇ ವಾಂತಿ ಮಾಡಿಕೊಂಡಳು. ಒರೆಸಲು ಹೋದರೆ, “ನೀನು ಬಿಡು ಅಮ್ಮ, ನಾನೇ ಒರೆಸ್ತೀನಿ,” ಎಂದಳು. ಅದೇ ಕೊನೆ. ಆಮೇಲೆ ನನ್ನ ಜೊತೆ ಮಾತಿಲ್ಲ.

ಈ ತಿಂಗಳ ಹದಿನೆಂಟಕ್ಕೆ ಮತ್ತೆ ಆಸ್ಪತ್ರೆ. ಕಾಯಿಲೆ ನಿಜ ಎಂದು ಅವರು ಬರೆದುಕೊಟ್ಟರೆ ಕಾಲೇಜಿನವರು ತಪ್ಪಿಹೋದ ಪರೀಕ್ಷೆಯನ್ನು ಮತ್ತೆ ಬರೆಯಲು ಬಿಡುತ್ತಾರೆ. ಇಲ್ಲದಿದ್ದರೆ ಹಾಜರಿ ಕಡಿಮೆ ಎಂದು ಹೆಸರು ತೆಗೆಯುತ್ತಾರೆ. ಡಾಕ್ಟರ ಮುಖ ನೋಡಿದರೆ ಬರೆದುಕೊಡುವ ಹಾಗೆ ಕಾಣುವುದಿಲ್ಲ.

ನಿನಗೇನು ಗೊತ್ತೋ ಅದನ್ನು ಬರೆ.

ಅಕ್ಕ


ಜೂನ್ 14

ಅಕ್ಕ,

ಅವಳು ನಾಟಕ ಆಡುತ್ತಿಲ್ಲ. ಅವಳಿಗೆ ಬಿದ್ದದ್ದು ಒಂದು ಪೆಟ್ಟಲ್ಲ, ಎರಡು. ಆಸ್ಪತ್ರೆಯಲ್ಲಿ ಒಂದೇ ಎಂದು ಬರೆಸಿದವನು ನಾನು.

ರೋಗಿಯ ವಿವರ ಬರೆಯುವ ಹಾಗೆ ಕ್ರಮವಾಗಿ ಬರೆಯುತ್ತೇನೆ. ಬೇರೆ ರೀತಿ ಬರೆದರೆ ನಡುವೆ ಎಲ್ಲಾದರೂ ನುಣುಚಿಕೊಳ್ಳುತ್ತೇನೆ.

ಗೋಡೆಯ ಮೇಲಿನ ಆ ಸರ್ಟಿಫಿಕೇಟು ನನ್ನದಲ್ಲ. ಅದು ಕಂಪ್ಯೂಟರಿನಲ್ಲಿ ಮುಗಿಸುವ ಪಾಠವಾಗಿತ್ತು. ಪ್ರತಿ ಪುಟಕ್ಕೂ ಯಾರಾದರೂ ಕೂತು ಒತ್ತುತ್ತಿರಬೇಕು, ಕೊನೆಗೆ ಇಪ್ಪತ್ತು ಪ್ರಶ್ನೆ. ರಜೆಗೆ ಬಂದಿದ್ದ ಅವಳನ್ನು ಪಕ್ಕದ ಮೇಜಿಗೆ ಕೂರಿಸಿ, ‘ಸುಮ್ಮನೆ ಒತ್ತುತ್ತಿರು’ ಎಂದು ಹೇಳಿ ನಾನು ರೋಗಿಗಳನ್ನು ನೋಡಿದೆ. ನಮ್ಮವರಲ್ಲಿ ಬಹಳ ಜನ ಹಾಗೇ ಮಾಡುತ್ತಾರೆ, ಮಗನೋ ಅಳಿಯನೋ ಒತ್ತುತ್ತಾರೆ. ಅವಳು ಒತ್ತಿದ್ದು ಮಾತ್ರವಲ್ಲ, ಓದಿದಳು ಕೂಡ. ನಾನು ಫ್ರೇಮು ಹಾಕಿಸಿದೆ.

ಪಂದ್ಯದ ದಿನ ನಾನು ಬಾಸ್ಕೆಟ್‌ಬಾಲ್ ಅಂಗಳದ ಪಕ್ಕ ಮಡಚುವ ಕುರ್ಚಿಯಲ್ಲಿ, ಕುತ್ತಿಗೆಗೆ ಬಿಲ್ಲೆ ಹಾಕಿಕೊಂಡು ಕೂತಿದ್ದೆ. ಮುಗಿಯಲು ಹನ್ನೊಂದು ನಿಮಿಷವಿದ್ದಾಗ ಅವಳು ಜಾರಿ ಹಿಂದಕ್ಕೆ ಬಿದ್ದಳು. ಹಿಂದಲೆ ನೆಲಕ್ಕೆ ಬಡಿಯಿತು. ಬೇರೆಯವರಿಗೆ ಜಾರಿದ್ದು ಮಾತ್ರ ಕಂಡಿರಬೇಕು, ನನಗೆ ಸದ್ದು ಕೇಳಿತು. ಬೆಂಚಿಗೆ ಕರೆತಂದೆ. ಕಣ್ಣಿಗೆ ಟಾರ್ಚು ಬಿಟ್ಟೆ. ಬೆರಳೆಷ್ಟು ಎಂದೆ. ಸರಿಯಾಗಿ ಹೇಳಿದಳು. ತಲೆ ಭಾರ, ಗದ್ದಲ ದೂರದಿಂದ ಕೇಳುತ್ತಿದೆ ಎಂದಳು. ಆಮೇಲೆ, ಅವಳಾಗಿಯೇ,

“ಮಾಮ, ಇದಕ್ಕೆ ಉತ್ತರ ‘ಅದೇ ದಿನ ಮತ್ತೆ ಆಡಿಸಬಾರದು’ ಅಂತ ಅಲ್ವಾ? ಏಳನೇ ಪ್ರಶ್ನೆ. ನಾನೇ ಒತ್ತಿದ್ದು.”

“ಅದು ಪರೀಕ್ಷೆಗೆ ಕಣೇ,” ಎಂದೆ.

ಕೋಚ್ ಬಂದು, “ಏನು ಡಾಕ್ಟ್ರೇ, ಎರಡೇ ಪಾಯಿಂಟು ಹಿಂದಿದ್ದೀವಿ, ಕಳಿಸ್ತೀರಾ?” ಎಂದ. ಕಳಿಸಿದೆ. ಮೂರು ನಿಮಿಷಕ್ಕೆ ಎದುರಾಳಿಯ ಭುಜ ಅವಳ ಕೆನ್ನೆಗೆ ಬಡಿಯಿತು. ಆಮೇಲಿನದು ನಿನಗೆ ಗೊತ್ತು.

ಆಸ್ಪತ್ರೆಯಲ್ಲಿ ಹಿಂದೆ ಪೆಟ್ಟಾಗಿತ್ತೇ ಎಂದು ಕೇಳಿದರು. ಕೇಳಿದರು, ಅಕ್ಕ, ಅವರ ತಪ್ಪಲ್ಲ. ಇಲ್ಲ, ಒಂದೇ ಎಂದೆ. ಡಾಕ್ಟರನ ಮಾತೆಂದು ಮತ್ತೆ ಕೇಳಲಿಲ್ಲ. ಮರುದಿನ ಅವಳಿಗೆ ಆ ಮಧ್ಯಾಹ್ನ ನೆನಪಿಲ್ಲವೆಂದು ಗೊತ್ತಾದಾಗ ನನಗೆ ಮೊದಲು ಆದದ್ದು ಗಾಬರಿಯಲ್ಲ, ನಿರಾಳ. ಈ ಕಾಗದದಲ್ಲಿ ಬರೆಯಲು ಎಲ್ಲಕ್ಕಿಂತ ಕಷ್ಟವಾದ ಸಾಲು ಇದು.

ನೀನು ಪರದೆ ಎಳೆದದ್ದು ನನ್ನ ಒಂದು ಸುಳ್ಳನ್ನು ನಂಬಿ.

ಜೊತೆಗಿರುವ ಲಕೋಟೆ ಆಸ್ಪತ್ರೆಯ ಡಾಕ್ಟರಿಗೆ. ಅಂಟಿಸಿಲ್ಲ, ಓದು. ಇನ್ನೊಂದು ಪ್ರತಿಯನ್ನು ನೇರವಾಗಿ ಅಂಚೆಯಲ್ಲಿ ಹಾಕಿದ್ದೇನೆ. ನನ್ನ ಮೇಲೆ ಕರುಣೆ ಬಂದು ನೀನು ಕೊಡದೇ ಇರಬಹುದು. ವೈದ್ಯ ಪರಿಷತ್ತಿಗೂ ಬರೆದಿದ್ದೇನೆ.

ತಮ್ಮ


ಜೂನ್ 30

ಕಾಗದ ಬಂತು. ನಿನ್ನ ಲಕೋಟೆ ತಲುಪಿಸಿದೆ. ಅವರು ಓದಿ ಫೈಲಿನ ಮೊದಲ ಪುಟ ತಿದ್ದಿದರು, ಇವಳನ್ನು ಒಳಗೆ ಕರೆದು ಒಂದು ಗಂಟೆ ಮಾತಾಡಿದರು. ಪರೀಕ್ಷೆಗೆ ಪತ್ರ ಬರೆದುಕೊಟ್ಟರು.

ನಾನು ಮಗಳ ಕೈ ಹಿಡಿದು ತಪ್ಪಾಯಿತು ಎಂದೆ. ಯಾಕೆ ಎಂದು ಅವಳು ಕೇಳಿದಳು. ಪರದೆ ಎಳೆದದ್ದಕ್ಕೆ ಎಂದೆ. ಉಳಿದದ್ದನ್ನು ನಾನು ಹೇಳುವುದಿಲ್ಲ, ಅವಳಿಗೆ ಹೇಳಬೇಡಿ ಎಂದು ಡಾಕ್ಟರಿಗೂ ಹೇಳಿದ್ದೇನೆ. ಅದು ನಿನ್ನ ಕೆಲಸ. ಈಗ ಅವಳು ಅರ್ಧ ಗಂಟೆ ತಾನೇ ಓದುತ್ತಾಳೆ. ಅವಳ ಹೆಸರಿಗೆ ಬಂದದ್ದನ್ನು ನಾನು ಒಡೆಯುವುದಿಲ್ಲ.

ಅವಳಿಗೆ ಅದನ್ನು ಬರೆಯುವವರೆಗೆ ಈ ಕಡೆ ಬರಬೇಡ.


ಜುಲೈ 9

ಬುಗುರಿ,

ನಡೆದದ್ದು ಹೇಳು ಎಂದು ಏಪ್ರಿಲ್‌ನಲ್ಲಿ ಕೇಳಿದ್ದೆ. ಅಮ್ಮನಿಗೆ ಬರೆದ ಕಾಗದದ ನಕಲು ಇದರ ಜೊತೆ ಇದೆ. ನಾಲ್ಕು ಪುಟ. ಒಂದೇ ದಿನ ಓದಬೇಡ, ಕಣ್ಣು ನೋಯುತ್ತದೆ. ಮೊದಲು ಮೂರನೆಯ ಪುಟ ಓದು, ಅದರಲ್ಲಿ ನೀನು ಹೇಳಿದ ಮಾತಿದೆ. ನೀನು ದಡ್ಡಿಯಲ್ಲ. ಆ ಅಂಗಳದಲ್ಲಿ ಸರಿಯಾದ ಉತ್ತರ ಗೊತ್ತಿದ್ದವಳು, ಅದನ್ನು ಬಾಯಿಬಿಟ್ಟು ಹೇಳಿದವಳು ನೀನೊಬ್ಬಳೇ. ಹಟ ಮಾಡಿದೆ ಎನ್ನುವ ಗೆಳತಿಯರಿಗೆ ಆ ಪುಟ ತೋರಿಸು. ನನ್ನ ಸಹಿ ಇದೆ.

ಶನಿವಾರದ ತರಗತಿ ಮುಗಿಯಿತು. ಕೊನೆಯ ದಿನ ಸರ್ಟಿಫಿಕೇಟು ಬೇಡ ಎಂದು ಹೋಗಿ ಹೇಳಿದೆ, ಕಾರಣವನ್ನೂ ಹೇಳಿದೆ. ಮೇಡಂ, “ಬೇಡ ಅನ್ನೋದು ಸುಲಭ ಸಾರ್. ನಡೆದದ್ದನ್ನು ಬರೆದು ಕೊಡಿ, ಮುಂದಿನ ತರಗತಿಯ ಮೂವತ್ತು ಜನರ ಮುಂದೆ ನೀವೇ ಓದಬೇಕು. ಆದರೆ ಮೊದಲು ಆ ಹುಡುಗಿ ಒಪ್ಪಬೇಕು,” ಎಂದರು. ನೀನು ಒಪ್ಪಬೇಕಾಗಿಲ್ಲ. ಒಪ್ಪದಿದ್ದರೆ ಕಾರಣ ಬರೆಯಬೇಕಾಗಿಯೂ ಇಲ್ಲ.

ಪರಿಷತ್ತಿನವರು ಮುಂದಿನ ತಿಂಗಳು ಕರೆದಿದ್ದಾರೆ. ಕ್ಲಿನಿಕ್ಕಿನಲ್ಲಿ ರೋಗಿಗಳಿಗೆ ಏನು ಹೇಳಲಿ ಎಂದು ಕಾಂಪೌಂಡರ್ ಕೇಳಿದ. ಇದ್ದದ್ದನ್ನು ಹೇಳು ಎಂದೆ. “ಅದು ನಮಗೆ ಅಭ್ಯಾಸ ಇಲ್ಲವಲ್ಲ ಸಾರ್,” ಎಂದ. ಈ ಸಲ ಇಬ್ಬರೂ ನಗಲಿಲ್ಲ.

ಕ್ಷಮಿಸು ಎಂದು ಬರೆದು ಹೊಡೆದು ಹಾಕಿದ್ದೇನೆ, ಮೇಲಿನ ಗೀಟು ಅದೇ. ನಿನಗೆ ನೆನಪೇ ಇಲ್ಲದ ಒಂದು ಮಧ್ಯಾಹ್ನಕ್ಕೆ ಕ್ಷಮೆ ಕೇಳಿದರೆ, ನಾನು ಹೇಳಿದ್ದನ್ನು ನಂಬಿಯೇ ನೀನು ಕ್ಷಮಿಸಬೇಕಾಗುತ್ತದೆ. ಅಷ್ಟು ನಂಬಿಕೆಯನ್ನು ಮತ್ತೆ ಕೇಳುವ ಮುಖ ನನಗಿಲ್ಲ.

ಒಂದು ವಿಷಯವನ್ನು ಮಾತ್ರ ಅಮ್ಮನ ಕಾಗದದಲ್ಲಿ ಬರೆದಿಲ್ಲ, ಹೇಗೆ ಬರೆಯಬೇಕೆಂದು ತಿಳಿಯಲಿಲ್ಲ. ಕೋಚ್ ನಿನ್ನ ಬೆನ್ನು ತಟ್ಟಿದ ಮೇಲೆ ನೀನು ಎದ್ದೆ, ಶೂ ಲೇಸು ಕಟ್ಟಿಕೊಂಡೆ, ಬಿಳಿ ಗೆರೆಯವರೆಗೆ ಹೋದೆ. ಅಲ್ಲಿ ನಿಂತೆ. ಎಲ್ಲರೂ ನಿನ್ನನ್ನು ಕೂಗುತ್ತಿದ್ದರು. ನೀನು ಅಂಗಳದ ಕಡೆ ನೋಡದೆ ತಿರುಗಿ ನನ್ನನ್ನು ನೋಡಿದೆ, ಎರಡು ಉಸಿರಿನಷ್ಟು ಹೊತ್ತು. ನಾನು ಹೆಬ್ಬೆರಳು ಎತ್ತಿದೆ. ನೀನು ಗೆರೆ ದಾಟಿದೆ. ಐದು ತಿಂಗಳಿಂದ ಆ ಮುಖವನ್ನು ಓದುತ್ತಿದ್ದೇನೆ. ಧೈರ್ಯ ಕೇಳುತ್ತಿದ್ದೆಯೋ, ನಾನು ಬೇಡ ಎನ್ನಲಿ ಎಂದು ಕಾಯುತ್ತಿದ್ದೆಯೋ, ತಲೆ ಸುತ್ತಿ ಸುಮ್ಮನೆ ನಿಂತೆಯೋ, ಗೊತ್ತಾಗುವುದಿಲ್ಲ. ಬಲ್ಲವಳು ನೀನೊಬ್ಬಳು, ನಿನ್ನಿಂದ ಅದು ಹೋಗಿಬಿಟ್ಟಿದೆ.

ಆದರೂ ಕೇಳುತ್ತೇನೆ. ಆಗ ನೀನು ತಿರುಗಿ ನೋಡಿದ್ದು ಯಾಕೆ?

ಮಾಮ